ಸ್ಮೂದನಿಂಗ್ ಬಿಟ್ಟ ಮೇಲೆ ಎರಡು ಜಾತಿಯ ಕೂದಲನ್ನು ಸಂಭಾಳಿಸಿದ್ದು

ಸ್ಮೂದನಿಂಗ್, ಅಂದರೆ ಪಾರ್ಲರಿನಲ್ಲಿ ಕ್ರೀಮು ಹಚ್ಚಿ ಗುಂಗುರು ಕೂದಲನ್ನು ನೇರ ಮಾಡಿಸುವುದು, ಬಿಟ್ಟವರ ತಲೆಯಲ್ಲಿ ಎರಡು ಜಾತಿಯ ಕೂದಲು ಒಟ್ಟಿಗೇ ಇರುತ್ತವೆ. ಬುಡದಲ್ಲಿ ಬರುತ್ತಿರುವುದು ನಮ್ಮದೇ ಗುಂಗುರು ಕೂದಲು. ದಪ್ಪ, ಒರಟು, ಬೇಗ ಒಣಗುವಂಥದ್ದು. ಕೆಳಗೆ ಇಳಿಬಿದ್ದಿರುವುದು ಪಾರ್ಲರಿನ ನೇರ ಕೂದಲು. ನೋಡಲು ನುಣುಪು, ಒಳಗೆ ಕಸುವಿಲ್ಲ. ಈ ಎರಡೂ ಬೇರೆ ಬೇರೆ ಥರ ವರ್ತಿಸುತ್ತವೆ. ಧಾರವಾಡದ ನೀರು, ಗಾಳಿ, ಧೂಳಿನ ನಡುವೆ ನಾನು ಇದನ್ನು ಹೇಗೆ ನಿಭಾಯಿಸಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಮನಸ್ಸಿಗೆ ಹಾಕಿಕೊಳ್ಳಬೇಕಾದ ಮಾತು: ನೇರ ಮಾಡಿಸಿದ ಕೂದಲು ತಿರುಗಿ ಗುಂಗುರಾಗುವುದಿಲ್ಲ. ಸ್ಮೂದನಿಂಗ್, ರೀಬಾಂಡಿಂಗ್‌ಗೆ ಸಾಮಾನ್ಯವಾಗಿ ಹಚ್ಚುವುದು ಅಮೋನಿಯಂ ಥಯೋಗ್ಲೈಕೋಲೇಟ್ ಇರುವ ಕ್ರೀಮು. ಅದು ಕೂದಲೊಳಗಿನ ಗಂಧಕದ ಕೊಂಡಿಗಳನ್ನು ಬಿಡಿಸುತ್ತದೆ. ಬಿಸಿ ಮಷೀನಿನಿಂದ ಎಳೆದು ನೇರ ಮಾಡಿ, ಹೈಡ್ರೋಜನ್ ಪೆರಾಕ್ಸೈಡ್ ಇರುವ ನ್ಯೂಟ್ರಲೈಸರ್ ಹಚ್ಚಿ, ಅದೇ ಆಕಾರದಲ್ಲಿ ಕೂಡಿಸಿಬಿಡುತ್ತಾರೆ. ವಿದೇಶದ ವಿಡಿಯೋಗಳಲ್ಲಿ ಕೂದಲು ನೇರ ಮಾಡಲು ಹೇಳುವ ರಿಲ್ಯಾಕ್ಸರ್ ಬೇರೆ. ಅದರಲ್ಲಿ ಸೋಡಿಯಂ ಹೈಡ್ರಾಕ್ಸೈಡಿನಂಥ ಕಟು ಕ್ಷಾರ ಇರುತ್ತದೆ. ಒಂದನ್ನು ಮಾಡಿಸಿದ ಕೂದಲಿಗೆ ಇನ್ನೊಂದನ್ನು ಹಚ್ಚಿದರೆ ಕೂದಲು ತುಂಡಾಗಿ ಕೈಗೇ ಬರಬಹುದು. ಯಾವುದೇ ಮಾಡಿಸಿರಲಿ, ಹೊಸದು ಬೆಳೆಯಬೇಕು, ಹಳೆಯದನ್ನು ಕತ್ತರಿಸಬೇಕು. ಕೂದಲು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ, ವರ್ಷಕ್ಕೆ ಸುಮಾರು 15 ಸೆಂಟಿಮೀಟರ್. ಗುಂಗುರಾದ್ದರಿಂದ ಕಣ್ಣಿಗೆ ಅಷ್ಟೂ ಕಾಣುವುದಿಲ್ಲ.

ಹಾಗಾಗಿ ನಾನು ಹಳೆಯ ಕೂದಲನ್ನು ಸರಿಮಾಡುವ ಯೋಚನೆಯನ್ನೇ ಮಾಡಲಿಲ್ಲ. ನನ್ನ ಜೀವವೆಲ್ಲ ಇದ್ದದ್ದು ಎರಡೂ ಕೂಡುವ ಜಾಗದ ಮೇಲೆ. ಒದ್ದೆ ಕೂದಲಿನ ಒಂದೇ ಎಳೆ ಹಿಡಿದು ಬೆಳಕಿಗೆ ನೋಡಿ. ಬುಡದಿಂದ ಸುರುಳಿ ಸುರುಳಿಯಾಗಿ ಬಂದು ಒಂದು ಕಡೆ ಥಟ್ಟನೆ ನೇರವಾಗುತ್ತದೆ. ಬೆರಳಿಂದ ಸವರಿದರೆ ಮೇಲೆ ತರಿತರಿ, ಕೆಳಗೆ ಜಾರುತ್ತದೆ. ಆ ಜಾಗವೇ ಎಲ್ಲಕ್ಕಿಂತ ನಾಜೂಕು. ಸ್ವಲ್ಪ ಜೋರಾಗಿ ಎಳೆದರೂ ಅಲ್ಲೇ ತುಂಡಾಗುತ್ತದೆ.

ಅದಕ್ಕೇ ಒಣ ಕೂದಲಿಗೆ ಹಣಿಗಿ ಮುಟ್ಟಿಸುವುದನ್ನು ಬಿಟ್ಟೆ. ಎರಕೊಳ್ಳುವಾಗಲೇ ಸಿಕ್ಕು ಬಿಡಿಸಬೇಕು. ಶಾಂಪೂ ಬುಡಕ್ಕೆ ಮಾತ್ರ. ತೊಳೆದ ಮೇಲೆ ಕಂಡೀಷನರ್ ಧಾರಾಳವಾಗಿ ಹಚ್ಚಿ, ಕೂದಲನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕುತ್ತಿದ್ದೆ. ಒಂದೊಂದೇ ಭಾಗ ಬಿಚ್ಚಿ ಮೊದಲು ಬೆರಳಿಂದ, ಆಮೇಲೆ ದೊಡ್ಡ ಹಲ್ಲಿನ ಹಣಿಗಿಯಿಂದ, ತುದಿಯಿಂದ ಶುರು ಮಾಡಿ ಮೇಲೆ ಹೋಗುವುದು. ಇನ್ನೊಂದು ಕೈಯಲ್ಲಿ ಕೂಡುವ ಜಾಗದ ಕೆಳಗೇ ಬಿಗಿಯಾಗಿ ಹಿಡಿದಿರಬೇಕು. ಆಗ ಹಣಿಗಿಯ ಎಳೆತ ಅದಕ್ಕೆ ತಾಗುವುದಿಲ್ಲ. ಒರೆಸಲು ಟರ್ಕಿ ಟವೆಲ್ ಬೇಡ. ಹಳೆಯ ಕಾಟನ್ ಪಂಚೆ ತುಂಡಿನಿಂದ ಒತ್ತಿ ನೀರು ತೆಗೆದರೆ ಸಾಕು. ತಿಕ್ಕಬಾರದು.

ನೀರಿನ ಮಾತು ಹೇಳಲೇಬೇಕು. ನಮ್ಮ ಕೂದಲಿನ ಒರಟುತನದಲ್ಲಿ ನೀರಿನ ಪಾಲು ಬಹಳ ಇದೆ ಅಂತ ನನಗೆ ಖಾತ್ರಿಯಾಗಿದೆ. ಹುಬ್ಬಳ್ಳಿ-ಧಾರವಾಡಕ್ಕೆ ಸವದತ್ತಿಯ ರೇಣುಕಾಸಾಗರದಿಂದ ಮಲಪ್ರಭಾ ನೀರು ಬರುತ್ತದೆ, ಆದರೆ ನಮ್ಮ ಓಣಿಗೆ ದಿನಾ ನೀರು ಬಿಡುವುದಿಲ್ಲ. ಉಳಿದ ದಿನ ಬೋರಿನ ನೀರೇ ಗತಿ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಜಾಸ್ತಿ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ಅದೇ ಕೂದಲ ಮೇಲೂ ಕೂರುತ್ತದೆ. ನಳದ ನೀರು ಬಂದ ದಿನ ಎರಡು ಬಕೆಟ್ ತಲೆಗೆ ಅಂತಲೇ ತೆಗೆದಿಡುತ್ತಿದ್ದೆ. ಮಳೆಗಾಲದಲ್ಲಿ ಮೊದಲ ಮಳೆ ಹೋಗಲಿ ಅಂತ ಬಿಟ್ಟು, ಆಮೇಲಿನ ಮಳೆನೀರು ಹಿಡಿಯುತ್ತಿದ್ದೆ. ಮಳೆನೀರಲ್ಲಿ ತೊಳೆದ ದಿನ ಕೂದಲು ಎಷ್ಟು ಮೆತ್ತಗಿರುತ್ತದೆ ಅಂತ ಒಮ್ಮೆ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಬೋರ್ ನೀರೇ ಗತಿಯಾದರೆ, ಕೊನೆಗೆ ಒಂದು ತಂಬಿಗೆ ನೀರಿಗೆ ಅರ್ಧ ಚಮಚ ಲಿಂಬೆರಸ ಹಾಕಿ ಕೂದಲ ಮೇಲೆ ಸುರಿದು, ಮತ್ತೆ ಸ್ವಲ್ಪ ನೀರು ಹಾಕಿಕೊಳ್ಳಿ.

ಸೀಗೆಕಾಯಿ ಬಗ್ಗೆ ಅವ್ವನಿಗೆ ಬಹಳ ಭರವಸೆ. ಅದರ ನೊರೆ ಸಾಬೂನಿನ ಹಾಗೆ ಗಡಸು ನೀರಲ್ಲಿ ಒಡೆದು ಜಿಡ್ಡಾಗುವುದಿಲ್ಲ, ಆ ಮಾತು ನಿಜ. ಆದರೆ ಒಣ ಕೂದಲನ್ನು ಅದು ಇನ್ನೂ ಒಣಗಿಸುತ್ತದೆ, ಪುಡಿ ಸುರುಳಿಯೊಳಗೆ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಹಚ್ಚಿದ ದಿನ ಮಾತ್ರ, ಕಾಯಿ ಕುದಿಸಿ ಸೋಸಿದ ನೀರು ಹಾಕಿಕೊಳ್ಳುತ್ತಿದ್ದೆ. ಮೆಹಂದಿ ಪೂರ್ತಿ ನಿಲ್ಲಿಸಿದೆ. ಅದೂ ಒಣಗಿಸುವಂಥದ್ದೇ.

ಎಣ್ಣೆಗಳಲ್ಲಿ ನನಗೆ ಕೊಬ್ಬರಿ ಎಣ್ಣೆಯೇ ಸೈ. ಇದು ಬರೀ ನಂಬಿಕೆಯ ಮಾತಲ್ಲ. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ, ಯಾಕೆಂದರೆ ಅದು ಕೂದಲೊಳಗೆ ಇಳಿಯುತ್ತದೆ. ಎರಕೊಳ್ಳುವ ಮೊದಲು ಹಚ್ಚಬೇಕು. ಔಡಲ (ಹರಳು) ಎಣ್ಣೆ ಬಹಳ ಅಂಟು. ತೊಳೆದ ಮೇಲೆ ಅದರ ಒಂದು ಹನಿ ಅಂಗೈಗೆ ತಿಕ್ಕಿ, ಒದ್ದೆ ತುದಿಗಳಿಗಷ್ಟೇ ಸವರಿದರೆ ಒಳಗಿನ ತೇವ ಬೇಗ ಆರುವುದಿಲ್ಲ. ಒಣ ಕೂದಲಿಗೆ ಎಣ್ಣೆ ಬಳಿದರೆ ಜಿಡ್ಡು ಬರುತ್ತದೆ, ತೇವ ಬರುವುದಿಲ್ಲ. ಮೊದಲು ನೀರು, ಆಮೇಲೆ ಎಣ್ಣೆ.

ಎಲ್ಲಕ್ಕಿಂತ ನನಗೆ ಕೈಹಿಡಿದದ್ದು ಅಗಸಿ ಬೀಜ. ನಮ್ಮ ಕಡೆ ಚಟ್ನಿಪುಡಿಗೆ ಅಂತ ಪ್ರತಿ ಮನೆಯ ಡಬ್ಬಿಯಲ್ಲೂ ಇರುತ್ತದಲ್ವಾ, ಅದೇ. ಹುರಿಯದ ಅಗಸಿ ಎರಡು ಚಮಚ, ಎರಡು ಲೋಟ ನೀರು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಮೊದಲು ಸುಮ್ನೆ ನೀರು ಕುದಿಯುತ್ತದೆ. ಆಮೇಲೆ ಬಿಳಿ ನೊರೆ ಬರುತ್ತದೆ. ಚಮಚ ಎತ್ತಿದಾಗ ಲೋಳೆ ಎಳೆಎಳೆಯಾಗಿ ಇಳಿದರೆ ತಕ್ಷಣ ಒಲೆ ಆರಿಸಬೇಕು. ಬಿಸಿ ಇದ್ದಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದರೆ ಬೀಜ ಬಿಟ್ಟುಕೊಡುವುದಿಲ್ಲ, ಎಷ್ಟು ಹಿಂಡಿದರೂ ಬಟ್ಟೆಯಲ್ಲೇ ಉಳಿಯುತ್ತದೆ. ಇದು ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ವಾಸನೆ ಬದಲಾದರೆ ಚೆಲ್ಲಿಬಿಡಿ.

ಈ ಲೋಳೆಯನ್ನು ಒದ್ದೆ ಕೂದಲಿಗೆ ಹಚ್ಚಿ, ಎರಡು ಹೆರಳು ಹಾಕಿ ಮಲಗುತ್ತಿದ್ದೆ. ಬಿಗಿ ಹೆರಳಲ್ಲ, ಸಡಿಲ. ಬೆಳಗ್ಗೆ ಪೂರ್ತಿ ಒಣಗಿದ ಮೇಲೇ ಬಿಚ್ಚಬೇಕು. ನೇರ ಕೂದಲಿಗೂ ಅಲೆ ಬಂದಿರುತ್ತದೆ, ಮೇಲಿನ ಗುಂಗುರಿಗೂ ಅದಕ್ಕೂ ಹೊಂದಾಣಿಕೆಯಾಗುತ್ತದೆ. ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವಳಿಗೆ ಇದು ದೊಡ್ಡ ನೆಮ್ಮದಿ. ದಿಂಬಿಗೆ ಸ್ಯಾಟಿನ್ ಬಟ್ಟೆಯ ಕವರ್ ಹೊಲಿಸಿಕೊಂಡೆ. ಹುಬ್ಬಳ್ಳಿಯ ದುರ್ಗದಬೈಲ್ ಮಾರ್ಕೆಟ್ಟಿನಿಂದ ತಂದ ಬಟ್ಟೆ, ದುಬಾರಿಯೇನಲ್ಲ.

ಮದುವೆ ಸೀಸನ್ ಬಂದಾಗ ಮನೆಯವರ ಒತ್ತಾಯ ಶುರುವಾಗುತ್ತದೆ. "ಒಂದ್ ಸಲ ಮಷೀನ್ ಹಿಡಸ್ಕೊಂಡ್ರ ಏನಾಕ್ಕೈತವಾ" ಅಂದರು ನಮ್ಮ ವೈನಿ. ಪ್ರೀತಿಯಿಂದಲೇ ಅಂದರು. ಆದರೆ ಆ ಬಿಸಿ ಹೊಸ ಸುರುಳಿಯನ್ನೂ ಕೆಡಿಸಬಹುದು. ನಾನು ತುರುಬು ಕಟ್ಟಿ ಮಲ್ಲಿಗೆ ಮುಡಿದು ಹೋದೆ, ಎಲ್ಲ ಮದುವೆಗೂ.

ಉದುರುವುದು ಬೇರೆ, ತುಂಡಾಗುವುದು ಬೇರೆ. ಹಣಿಗಿಯಲ್ಲಿ ಬಂದ ಕೂದಲನ್ನು ನೋಡಿ. ಉದ್ದವಾಗಿದ್ದು ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟಿದ್ದರೆ ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಉದುರುವುದು ಸಹಜ. ಗಂಟಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಕೂಡುವ ಜಾಗ ಮುರಿಯುತ್ತಿದೆ ಅಂತ ಅರ್ಥ. ಆಗ ಎಳೆತ ಕಡಿಮೆ ಮಾಡಿ. ಬುಡದಿಂದಲೇ ವಿಪರೀತ ಉದುರುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಹೀಗಾಗುತ್ತದೆ.

ಒಮ್ಮೆಲೇ ಗಿಡ್ಡ ಮಾಡಿಸುವ ಧೈರ್ಯ ಇದ್ದವರಿಗೆ ಈ ತಾಪತ್ರಯ ಯಾವುದೂ ಇಲ್ಲ. ನನಗೆ ಉದ್ದ ಬೇಕಿತ್ತು, ಆಗಾಗ ಒಂದೆರಡು ಇಂಚು ಕತ್ತರಿಸುತ್ತಾ ಬಂದೆ. ಕೊನೆಯ ಕಟಿಂಗಿಗೆ ಹೋದಾಗ ಕೂದಲು ಒದ್ದೆ ಮಾಡಿಸಿಕೊಂಡು, ಸುರುಳಿ ಎಲ್ಲಿ ಮುಗಿಯುತ್ತದೆ ಅಂತ ಕನ್ನಡಿಯಲ್ಲಿ ನಾನೇ ತೋರಿಸಿದೆ. ಕಿವಿಯ ಹಿಂದೆ ಒಂದು ಉದ್ದ, ನೆತ್ತಿಯ ಮೇಲೆ ಇನ್ನೊಂದು ಉದ್ದ ಇರುತ್ತದೆ, ಎಲ್ಲವನ್ನೂ ಒಂದೇ ಗೆರೆಗೆ ಕತ್ತರಿಸಲು ಬಿಡಬೇಡಿ. ಒಣಗಿದ ಮೇಲೆ ಗುಂಗುರು ಕೂದಲು ಮೇಲೇರುತ್ತದೆ, ಹಾಗಾಗಿ ನೀವು ಅಂದುಕೊಂಡದ್ದಕ್ಕಿಂತ ಎರಡು ಬೆರಳು ಉದ್ದವೇ ಇಡಿಸಿ.