ಎರಡನೇ ರಸೀದಿ ಹರಿಯಬೇಕಾದರೆ

ಕೆಲವು ವರ್ಷಗಳ ಹಿಂದಿನ ಮಾತು. ಬಳ್ಳಾರಿಯ ಬೆಂಗಳೂರು ರಸ್ತೆಯ ಬಟ್ಟೆ ವ್ಯಾಪಾರಿಯೊಬ್ಬರು ನಾನು ಲೆಕ್ಕ ಬರೆಯುತ್ತಿದ್ದ ಮಕ್ಕಳ ಮನೆಗೆ 15,000 ರೂಪಾಯಿ ಕೊಟ್ಟರು. ‘ಇದು ಹತ್ತನೇ ಕ್ಲಾಸಿನ ಹುಡುಗಿಯರ ಫೀಸಿಗೆ’ ಅಂದರು. ಆ ವಾರವೇ ಬೋರ್‌ವೆಲ್ ಮೋಟರು ಸುಟ್ಟಿತು. ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಿಲು, ಮನೆ ತುಂಬ ಮಕ್ಕಳು. ಕೈಯಲ್ಲಿದ್ದ ದುಡ್ಡು ಅದೊಂದೇ. ಮೋಟರು ತಂದೆವು, ನೀರು ಬಂತು, ಎಲ್ಲರೂ ನಿಟ್ಟುಸಿರುಬಿಟ್ಟೆವು.

ಜೂನ್‌ನಲ್ಲಿ ಅವರು ಬಂದರು. ಯಾವ ಹುಡುಗಿಯರ ಫೀಸು ಕಟ್ಟಿದಿರಿ ಅಂತ ಸುಮ್ನೆ ಕೇಳಿದರು. ನಾನು ಮೋಟರಿನ ಕಥೆ ಹೇಳಿದೆ. ಅವರೇನೂ ಸಿಟ್ಟಾಗಲಿಲ್ಲ. ‘ಮೋಟರ್ ಸುಟ್ಟೈತಿ ಅಂತ ಒಂದು ಫೋನ್ ಮಾಡಿದ್ರ, ಅದಕ್ಕೂ ಬ್ಯಾರೆ ಕೊಡ್ತಿದ್ನಲ್ರೀ’ ಅಂದರು. ಚಹಾ ಕುಡಿದು ಹೋದವರು ಮತ್ತೆ ಬರಲಿಲ್ಲ. ತಪ್ಪು ನನ್ನದೇ.

ಸಿಸ್ಟರ್‌ಗಳು ನಡೆಸುವ ಮಕ್ಕಳ ಮನೆ, ವೃದ್ಧಾಶ್ರಮ, ದವಾಖಾನೆ, ಧರ್ಮಕೇಂದ್ರದ (ಊರಿನ ಚರ್ಚಿನ) ಬಡವರ ನಿಧಿ, ಇಂಥ ಕಡೆ ದೇಣಿಗೆಯ ಕೆಲಸ ನೋಡಿಕೊಳ್ಳುವವರಿಗಾಗಿ ಈ ಬರಹ. ಮೊದಲ ಸಲ ಕೊಡುವವರು ಹೇಗಾದರೂ ಸಿಗುತ್ತಾರೆ. ಎರಡನೇ ಸಲ ಕೊಡುವಂತೆ ನಡೆದುಕೊಳ್ಳುವುದೇ ಇಲ್ಲಿನ ಕೆಲಸ.

ಕೇಳುವ ಮೊದಲು ಒಂದು ಕಾಗದ

ಕ್ಯಾಥೊಲಿಕ್ ಸಭೆಯ ಹೆಸರಿನಲ್ಲಿ ದುಡ್ಡು ಎತ್ತಬೇಕಾದರೆ ಲಿಖಿತ ಅನುಮತಿ ಬೇಕು. ಸಭೆಯ ಒಳಗಿನ ಕಾನೂನಾದ 1983ರ ಕ್ಯಾನನ್ ಕಾನೂನಿನ 1265ನೇ ವಿಧಿ ಇದನ್ನೇ ಹೇಳುತ್ತದೆ. ನಿಮ್ಮ ಮೇಲಿನ ಅಧಿಕಾರಿ ಮತ್ತು ಆ ಜಾಗದ ಧರ್ಮಾಧ್ಯಕ್ಷರು (ಬಿಷಪ್), ಇಬ್ಬರ ಒಪ್ಪಿಗೆಯೂ ಬರಹದಲ್ಲಿ ಇರಬೇಕು. ನಮ್ಮ ಕಡೆ ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲವೂ ಬಳ್ಳಾರಿ ಧರ್ಮಕ್ಷೇತ್ರಕ್ಕೇ, ಅಂದರೆ ಒಬ್ಬರೇ ಬಿಷಪ್‌ರ ವ್ಯಾಪ್ತಿಗೇ ಸೇರುವುದರಿಂದ ಓಡಾಟ ಕಡಿಮೆ. ಆ ಪತ್ರದ ಜೆರಾಕ್ಸ್ ಬ್ಯಾಗಿನಲ್ಲಿರಲಿ. ಊರಲ್ಲಿ ನಕಲಿ ರಸೀದಿ ಪುಸ್ತಕ ಹಿಡಿದು ತಿರುಗುವವರಿಗೇನೂ ಬರ ಇಲ್ಲ. ಅಂಗಡಿಯವರು ‘ಯಾರ್ರೀ ನೀವು’ ಅಂದರೆ ಬೇಜಾರಾಗದೆ ಪತ್ರ ತೋರಿಸಿ.

ಅದೇ ಕಾನೂನಿನ 1267ನೇ ವಿಧಿ ಇನ್ನೂ ಮುಖ್ಯ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು. ಈ ವಿಧಿ ನನಗೆ ಗೊತ್ತಾಗಿದ್ದು ಮೋಟರಿನ ಪ್ರಸಂಗ ಆದಮೇಲೆ.

ಎರಡು ಡಬ್ಬಿ, ಎರಡು ಖಾತೆ

ಗುಡಿಯ (ಚರ್ಚಿನ) ದುಡ್ಡು ಬೇರೆ, ಸೇವೆಯ ದುಡ್ಡು ಬೇರೆ. ಭಾನುವಾರದ ಪೂಜೆಯಲ್ಲಿ ಎತ್ತುವ ಕಾಣಿಕೆ, ಹಬ್ಬದ ಖರ್ಚು, ಸತ್ತವರ ಹೆಸರಲ್ಲಿ ಪೂಜೆ ಮಾಡಿಸಲು ಕೊಟ್ಟ ಹಣ, ಇವೆಲ್ಲ ಒಂದು ಕಡೆ. ಮಕ್ಕಳ ಊಟ, ಔಷಧಿ, ಫೀಸು ಇನ್ನೊಂದು ಕಡೆ. ಬ್ಯಾಂಕ್ ಖಾತೆ, ರಸೀದಿ ಪುಸ್ತಕ, ಕ್ಯೂಆರ್ ಕೋಡ್ ಎಲ್ಲವೂ ಎರಡೆರಡು ಇರಲಿ.

ಇದರ ಹಿಂದೆ ತೆರಿಗೆಯ ಕಾರಣವಿದೆ. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ನೋಂದಣಿ ಒಂದೇ ಧರ್ಮದವರಿಗೋ ಒಂದೇ ಜಾತಿಯವರಿಗೋ ನಡೆಸುವ ಸಂಸ್ಥೆಗೆ ಸಿಗುವುದಿಲ್ಲ. ಸಿಕ್ಕ ಮೇಲೂ ವರ್ಷದ ಆದಾಯದಲ್ಲಿ ಶೇ 5ಕ್ಕಿಂತ ಜಾಸ್ತಿ ಧಾರ್ಮಿಕ ಕೆಲಸಕ್ಕೆ ಹೋಗಬಾರದು. ಕ್ರಿಸ್ಮಸ್ ದೀಪದ ಬಿಲ್ಲು ಮಕ್ಕಳ ಮನೆಯ ಖಾತೆಗೆ ನುಸುಳಿದರೆ ಆಡಿಟರ್ ಎದುರು ಉತ್ತರ ಹೇಳಬೇಕಾದವರು ನೀವೇ.

ಹೆಸರಿಲ್ಲದ ದಾನಕ್ಕೂ ಮಿತಿ ಇದೆ. ಪೂರ್ತಿ ಧಾರ್ಮಿಕ ಟ್ರಸ್ಟಿಗೆ ಹುಂಡಿ ದುಡ್ಡಿನ ಚಿಂತೆ ಇಲ್ಲ. ಸೇವಾ ಸಂಸ್ಥೆಗೆ ಹಾಗಲ್ಲ. ಹೆಸರಿಲ್ಲದೆ ಬಂದ ಹಣ 1 ಲಕ್ಷ ರೂಪಾಯಿ ಅಥವಾ ಒಟ್ಟು ದೇಣಿಗೆಯ ಶೇ 5, ಯಾವುದು ಹೆಚ್ಚೋ ಅದನ್ನು ದಾಟಿದರೆ ದಾಟಿದ ಭಾಗಕ್ಕೆ ಶೇ 30 ತೆರಿಗೆ. ಅದಕ್ಕೇ ಹೆಸರು, ಊರು ಬರೆಸಿಕೊಳ್ಳಿ.

ಇನ್ನೊಂದು ಮಾತು. ನಮ್ಮ ಕಡೆ ಇಂಥ ಮನೆಗಳಿಗೆ ಕೊಡುವವರಲ್ಲಿ ಬಹಳ ಮಂದಿ ಕ್ರೈಸ್ತರಲ್ಲ. ‘ನಮ್ಮ ದುಡ್ಡು ಮತಾಂತರಕ್ಕೆ ಹೋಗಲ್ಲ ತಾನೇ?’ ಅಂತ ಯಾರಾದರೂ ಒಂದು ದಿನ ಕೇಳಿಯೇ ಕೇಳುತ್ತಾರೆ. ಮುಖ ಗಂಟಿಕ್ಕಬೇಡಿ. ಖರ್ಚಿನ ಪುಸ್ತಕ ತೆಗೆದು ಮುಂದಿಡಿ. ಎರಡು ಖಾತೆ ಇದ್ದವರಿಗೆ ಇದು ಎರಡು ನಿಮಿಷದ ಕೆಲಸ.

ರಿಜಿಸ್ಟರ್

ಕಂಪ್ಯೂಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 200 ಪುಟದ ಒಂದು ಉದ್ದ ರಿಜಿಸ್ಟರ್ ಸಾಕು. ಒಬ್ಬ ದಾನಿಗೆ ಒಂದು ಪುಟ. ಮೇಲೆ ಹೆಸರು, ವಿಳಾಸ, ಫೋನು, ಪ್ಯಾನ್. ಕೆಳಗೆ ತಾರೀಖು, ಮೊತ್ತ, ನಗದೋ ಯುಪಿಐಯೋ ಚೆಕ್ಕೋ, ರಸೀದಿ ನಂಬರು, ಯಾವುದಕ್ಕೆ ಕೊಟ್ಟರು, ಅದಕ್ಕೆ ಯಾವತ್ತು ಖರ್ಚಾಯಿತು. ಕೊನೆಯ ಕಾಲಂ ಖಾಲಿ ಇದ್ದರೆ ಆ ದುಡ್ಡು ಇನ್ನೂ ದಾನಿಯದೇ ಅಂತ ತಿಳಿಯಿರಿ.

ಪುಟದ ಬದಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಂಗತಿ ಬರೆದುಕೊಳ್ಳಿ. ತಂದೆ ತೀರಿದ ದಿನ, ಮಗಳ ಹುಟ್ಟುಹಬ್ಬ, ಮನೆಯಲ್ಲಿ ಕನ್ನಡವೋ ತೆಲುಗೋ ಉರ್ದುವೋ. ಬಳ್ಳಾರಿಯಲ್ಲಿ ತೆಲುಗು ಮನೆಗೆ ತೆಲುಗಿನಲ್ಲಿ ನಾಲ್ಕು ಸಾಲು ಬರೆದರೆ ಅದರ ತೂಕವೇ ಬೇರೆ.

ಯಾರಾದರೂ ತೀರಿಕೊಂಡರೆ ಅವತ್ತೇ ಪುಟದಲ್ಲಿ ಗುರುತು ಹಾಕಿ. ಒಮ್ಮೆ ಹಾಕದೇ ಬಿಟ್ಟಿದ್ದೆವು. ಡಿಸೆಂಬರಿನಲ್ಲಿ ‘ಈ ವರ್ಷವೂ ತಮ್ಮ ಪ್ರೀತಿಯ ನೆರವು ಇರಲಿ’ ಅಂತ ಕಾಗದ ಹೋಯಿತು, ಆರು ತಿಂಗಳ ಹಿಂದೆ ತೀರಿಕೊಂಡವರ ಹೆಸರಿಗೆ. ಅವರ ಹೆಂಡತಿ ಫೋನ್ ಮಾಡಿ ‘ಅವರಿಲ್ಲ’ ಅಂದರು, ಅಷ್ಟೇ. ಈಗ ನವೆಂಬರ್ 2ರ ಸಕಲ ಮೃತರ ದಿನಕ್ಕೆ ಮೊದಲು ರಿಜಿಸ್ಟರ್ ತಿರುವಿ ಹಾಕಿ, ತೀರಿಹೋದ ದಾನಿಗಳ ಹೆಸರು ಪೂಜೆಯಲ್ಲಿ ಓದಿಸುತ್ತೇವೆ. ಮನೆಯವರಿಗೆ ಒಂದು ಕಾರ್ಡು ಹೋಗುತ್ತದೆ. ಅದರಲ್ಲಿ ದುಡ್ಡಿನ ಮಾತು ಎತ್ತುವುದಿಲ್ಲ.

ಯಾವಾಗ ಕೇಳಬೇಕು

ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಕ್ರೈಸ್ತರಿಗೆ ದಾನದ ಹೊತ್ತು. ಉಪವಾಸದಲ್ಲಿ ಉಳಿಸಿದ್ದನ್ನು ಬಡವರಿಗೆ ಕೊಡುವುದು ಹಳೇ ರೂಢಿ. ಅದು ಶುರುವಾಗುವ ಬೂದಿ ಬುಧವಾರ ಮನೆಗೊಂದು ಡಬ್ಬಿ ಕೊಟ್ಟು, ಪಾಸ್ಕ ಹಬ್ಬಕ್ಕೆ ವಾಪಸ್ ತರಿಸಿಕೊಳ್ಳಬಹುದು. ಆದರೆ ಕ್ಯಾಥೊಲಿಕ್ ಸಭೆಯ ಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾದ ತಪಸ್ಸು ಕಾಲದ ಅಭಿಯಾನವೂ ಆಗಲೇ ನಡೆಯುತ್ತದೆ. ಫಾದರ್ ಜೊತೆ ಮಾತಾಡಿಕೊಂಡು ಹೊಂದಿಸಿಕೊಳ್ಳಿ. ಒಂದೇ ಭಾನುವಾರ ಮೂರು ಡಬ್ಬಿ ಬಂದರೆ ಜನ ಮೂರಕ್ಕೂ ಹತ್ತು ಹತ್ತು ರೂಪಾಯಿ ಹಾಕಿ ಹೋಗುತ್ತಾರೆ.

ರೈತರ ಪಂಚಾಂಗ ಬೇರೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಭತ್ತ ಮಾರಿದ ಮೇಲೆ ಕೈ ಬಿಚ್ಚುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಆ ಊರುಗಳಲ್ಲಿ ನೀರಿನದೇ ಮಾತು. ಅಂಥ ಹೊತ್ತಲ್ಲಿ ಕೇಳಲು ಹೋಗಬೇಡಿ. ಕಾಲುವೆಗೆ ನೀರು ಬಿಟ್ಟಿದ್ದಾರಾ ಅಂತ ವಿಚಾರಿಸಿ ಬನ್ನಿ, ಸಾಕು. ಅಕ್ಕಿ ಕೊಟ್ಟರೆ ಸಂತೋಷವಾಗಿ ತಗೊಳ್ಳಿ, ಸ್ಟಾಕ್ ಪುಸ್ತಕದಲ್ಲಿ ಮೂಟೆ ಲೆಕ್ಕ ಬರೆಯಿರಿ. ಆದರೆ ಅಕ್ಕಿ, ಬಟ್ಟೆಗೆ 80ಜಿ ರಿಯಾಯಿತಿ ಸಿಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ.

ಇನ್ನು ‘ಒಂದು ದಿನದ ಊಟ’. ಹುಟ್ಟುಹಬ್ಬಕ್ಕೆ, ಹಿರಿಯರ ತಿಥಿಗೆ ಊಟ ಕೊಡಿಸುವುದು ಈ ಸೀಮೆಯವರಿಗೆ ದಾಸೋಹದಷ್ಟೇ ಸಹಜ. ತೊಂದರೆ ಏನಪ್ಪ ಅಂದರೆ ಜನವರಿ 1ಕ್ಕೆ ಐದು ಮಂದಿ ಬರುತ್ತಾರೆ, ಜುಲೈನ ಮಂಗಳವಾರಕ್ಕೆ ಒಬ್ಬರೂ ಇಲ್ಲ. ಒಂದೇ ದಿನ ಮೂರು ಸಲ ಹೋಳಿಗೆ ತಿಂದ ಮಕ್ಕಳ ಮಾರನೇ ದಿನದ ಗತಿ ಸಿಸ್ಟರ್‌ಗಳನ್ನು ಕೇಳಿ! ಗೋಡೆಗೆ ದೊಡ್ಡ ಕ್ಯಾಲೆಂಡರ್ ತೂಗುಹಾಕಿ, ಊಟ ಗೊತ್ತಾದ ದಿನಕ್ಕೆ ಕೊಡುವವರ ಹೆಸರು ಬರೆಯಿರಿ. ಬಂದವರಿಗೆ ಕ್ಯಾಲೆಂಡರಿನ ಖಾಲಿ ದಿನಗಳನ್ನೇ ತೋರಿಸಿ. ‘ಜುಲೈ 14 ಖಾಲಿ ಐತಿ ನೋಡ್ರಿ, ಆ ದಿನದ ಅಡುಗೆ ನಿಮ್ಮದು ಆಗ್ಲಿ’ ಅಂದರೆ ಒಪ್ಪುವವರೇ ಹೆಚ್ಚು. ಒಂದು ದಿನಕ್ಕೆ ಅಕ್ಕಿ, ಬೇಳೆ, ತರಕಾರಿ, ಗ್ಯಾಸ್ ಸೇರಿ ಎಷ್ಟಾಗುತ್ತದೆ ಅಂತ ಕೂಡಿಸಿ ಒಂದು ಮೊತ್ತ ಹೇಳಿ. ಅದನ್ನು ಆರು ತಿಂಗಳಿಗೊಮ್ಮೆ ತಿದ್ದಿ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೇಕಿನ ಜೊತೆ ಫೋಟೊ ತೆಗೆದು ಸ್ಟೇಟಸ್ ಹಾಕುವುದಕ್ಕೆ ಮಾತ್ರ ಬಿಡಬೇಡಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಕ್ಕಳ ಗುರುತು ಬಯಲಾಗುವಂತೆ ಹೆಸರು, ಫೋಟೊ ಪ್ರಕಟಿಸಬಾರದು ಅನ್ನುತ್ತದೆ. ದೊಡ್ಡ ದಾನಿಗೆ ಇಲ್ಲ ಅನ್ನುವುದು ಕಷ್ಟ, ಗೊತ್ತು. ಗೇಟಿನ ಹತ್ತಿರವೇ ಬೋರ್ಡ್ ಬರೆಸಿಹಾಕಿ. ಮಕ್ಕಳು ಬರೆದ ಚಿತ್ರವೊಂದನ್ನು ಕೈಗಿಡಿ.

ರಸೀದಿ ಮತ್ತು 80ಜಿ

ದುಡ್ಡು ಬಂದ ದಿನವೇ ರಸೀದಿ, ಎರಡು ದಿನದೊಳಗೆ ಒಂದು ಫೋನು. ವಾಟ್ಸ್ಆ್ಯಪ್‌ನಲ್ಲಿ ಕೈಮುಗಿಯುವ ಗೊಂಬೆ ಕಳಿಸಿ ಕೈತೊಳೆದುಕೊಳ್ಳಬೇಡಿ.

80ಜಿ ಬಗ್ಗೆ ದಾನಿಗಳಲ್ಲಿ ತಪ್ಪು ತಿಳಿವಳಿಕೆ ಬಹಳ. 10,000 ಕೊಟ್ಟರೆ 10,000 ತೆರಿಗೆ ಉಳಿಯುತ್ತದೆ ಅಂದುಕೊಂಡಿರುತ್ತಾರೆ. ನಮ್ಮಂಥ ಸಂಸ್ಥೆಗೆ ಕೊಟ್ಟರೆ ಅರ್ಧ, ಅಂದರೆ 5,000 ಅವರ ತೆರಿಗೆ ಲೆಕ್ಕದ ಆದಾಯದಿಂದ ಕಳೆಯುತ್ತದೆ. ಅದಕ್ಕೂ ಆದಾಯದ ಶೇ 10ರ ಮಿತಿ ಇದೆ. 2,000 ರೂಪಾಯಿ ಮೀರಿ ನಗದು ಕೊಟ್ಟರೆ ರಿಯಾಯಿತಿ ಇಲ್ಲ. ತೆರಿಗೆಯ ಹೊಸ ಪದ್ಧತಿ ಆಯ್ದುಕೊಂಡವರಿಗೂ ಇಲ್ಲ. ಇದನ್ನು ದುಡ್ಡು ತಗೊಳ್ಳುವಾಗಲೇ ಹೇಳಿ. ಮಾರ್ಚ್‌ನಲ್ಲಿ ಅವರ ಆಡಿಟರ್ ಬಾಯಿಂದ ಕೇಳಿದರೆ ಬೈಗುಳ ನಿಮಗೆ.

ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ಪಟ್ಟಿಯನ್ನು 10ಬಿಡಿ ಫಾರಂನಲ್ಲಿ ಸಲ್ಲಿಸಿ, ಪ್ರತಿಯೊಬ್ಬರಿಗೂ 10ಬಿಇ ಪ್ರಮಾಣಪತ್ರ ಕೊಡಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ರಿಜಿಸ್ಟರಿನಲ್ಲಿ ಪ್ಯಾನ್ ಬರೆದುಕೊಳ್ಳದವರು ಮೇ ತಿಂಗಳ ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತುತ್ತಾರೆ, ನೋಡಿದ್ದೇನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯ. ಅದರಲ್ಲಿ ಕಲಮುಗಳ ನಂಬರು ಬೇರೆ, ಹಾಗಾಗಿ ಹೊಸ ರಸೀದಿ ಪುಸ್ತಕ ಅಚ್ಚು ಹಾಕಿಸುವ ಮೊದಲು ಆಡಿಟರ್‌ಗೆ ಒಮ್ಮೆ ತೋರಿಸಿ.

ಗಲ್ಫ್‌ನ ಅಣ್ಣ, ಕೆನಡಾದ ತಮ್ಮ

ನಮ್ಮ ಕಡೆ ಕೆಲಸ ಮಾಡುವ ಫಾದರ್, ಸಿಸ್ಟರ್‌ಗಳಲ್ಲಿ ಮಂಗಳೂರು ಕಡೆಯವರು ಬಹಳ. ಅವರ ಬಂಧುಗಳು ಹೊರದೇಶದಲ್ಲಿರುತ್ತಾರೆ, ಪ್ರೀತಿಯಿಂದ ಕೊಡಲು ಬರುತ್ತಾರೆ. ಇಲ್ಲಿ ಪಾಸ್‌ಪೋರ್ಟ್ ನೋಡಬೇಕು. ಕುವೈತ್‌ನಲ್ಲಿರುವ ಅಣ್ಣನದು ಭಾರತದ ಪಾಸ್‌ಪೋರ್ಟ್, ತನ್ನ ಉಳಿತಾಯದ ಹಣ ಬ್ಯಾಂಕ್ ಮೂಲಕ ಕೊಡುತ್ತಾನೆ, ಅದು ವಿದೇಶಿ ದೇಣಿಗೆ ಅಲ್ಲ. ಕೆನಡಾದ ತಮ್ಮ ಅಲ್ಲಿನ ಪೌರನಾಗಿದ್ದಾನೆ. ಅವನು ರಜೆಗೆ ಬಂದು ಬಳ್ಳಾರಿಯಲ್ಲೇ ರೂಪಾಯಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ (ಎಫ್‌ಸಿಆರ್‌ಎ) ಕಾಯ್ದೆಯಡಿ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಇದ್ದವರೂ ಅದನ್ನು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. 2020ರ ತಿದ್ದುಪಡಿಯ ನಂತರ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ, ಆಡಳಿತದ ಖರ್ಚು ಶೇ 20 ದಾಟುವಂತಿಲ್ಲ. ‘ನಮ್ಮವನೇ ಅಲ್ವಾ’ ಅನ್ನುವ ಸಲಿಗೆಯಲ್ಲಿ ತಪ್ಪು ಆಗುವುದು ಇಲ್ಲೇ.

ಕಾರ್ಖಾನೆಗಳ ಬಾಗಿಲು

ತೋರಣಗಲ್ಲಿನ ಉಕ್ಕು, ಸಂಡೂರಿನ ಅದಿರು, ಗಿಣಿಗೇರಿಯ ಕಾರ್ಖಾನೆಗಳು, ದೊಡ್ಡ ಕಂಪನಿಗಳಿಗೆ ನಮ್ಮ ಸೀಮೆಯಲ್ಲಿ ಕೊರತೆ ಇಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಕ್ಕೆ (ಸಿಎಸ್‌ಆರ್) ಇಡಬೇಕು. ಕಾರ್ಖಾನೆಯ ಸುತ್ತಲಿನ ಊರುಗಳಿಗೆ ಆದ್ಯತೆ. ನಿಮಗೆ ಸಿಎಸ್‌ಆರ್-1 ನೋಂದಣಿ ಬೇಕು, ಕೆಲಸ ಶಿಕ್ಷಣ, ಆರೋಗ್ಯದಂಥದ್ದಾಗಿರಬೇಕು. ಗುಡಿಗೆ ಸುಣ್ಣ ಹೊಡೆಸಲು ಈ ದುಡ್ಡು ಬರುವುದಿಲ್ಲ. ಯಾರ ದುಡ್ಡು ತಗೊಳ್ಳುತ್ತೇವೆ, ಯಾರದ್ದು ಬೇಡ ಅನ್ನುವುದನ್ನು ಚೆಕ್ಕು ಮೇಜಿನ ಮೇಲೆ ಬರುವ ಮೊದಲೇ ಕಮಿಟಿಯಲ್ಲಿ ಕೂತು ತೀರ್ಮಾನ ಮಾಡಿ. ಚೆಕ್ಕು ಕಂಡ ಮೇಲೆ ಯಾರಿಗೂ ತಲೆ ನೆಟ್ಟಗೆ ಓಡುವುದಿಲ್ಲ.

ಫಾದರ್ ವರ್ಗ ಆದಾಗ

ಎಲ್ಲಕ್ಕಿಂತ ಜಾಸ್ತಿ ದಾನಿಗಳು ಕಳೆದುಹೋಗುವುದು ವರ್ಗಾವಣೆಯಲ್ಲಿ. ಫಾದರೋ ಸಿಸ್ಟರೋ ಇನ್ನೊಂದು ಊರಿಗೆ ಹೋಗುತ್ತಾರೆ. ಫೋನ್ ನಂಬರುಗಳು ಅವರ ಮೊಬೈಲಿನಲ್ಲೇ ಹೋಗುತ್ತವೆ. ಅದಕ್ಕೇ ಸಂಸ್ಥೆಗೊಂದು ಬೇರೆ ಸಿಮ್, ಬೇರೆ ಫೋನು ಇಡಿ. ರಿಜಿಸ್ಟರ್ ಎಣಿಸಿ, ಸಹಿ ಹಾಕಿ ಒಪ್ಪಿಸಿಕೊಳ್ಳಿ. ಹೋಗುವವರು ಹೊಸಬರನ್ನು ಕರೆದುಕೊಂಡು ಕನಿಷ್ಠ ಹತ್ತು ಮನೆಗಾದರೂ ಹೋಗಿ ಬರಲಿ.

ಹಿಂದಿನ ಸಲ ಹಾಗೇ ಮಾಡಿದೆವು. ಹಳೇ ಫಾದರ್, ಹೊಸ ಫಾದರ್ ಒಂದೇ ಬೈಕಿನಲ್ಲಿ, ಹಿಂದೆ ನಾನು ನನ್ನ ಸ್ಕೂಟರಿನಲ್ಲಿ. ಏಳು ಮನೆಯಲ್ಲಿ ಏಳು ಚಹಾ ಆಯಿತು. ಎಂಟನೆಯದು ಸಿರುಗುಪ್ಪ ರಸ್ತೆಯ ಒಂದು ಹಳ್ಳಿಯ ಮನೆ, ಪ್ರತಿ ವರ್ಷ ಎರಡು ಮೂಟೆ ಅಕ್ಕಿ ಕಳಿಸುವ ಅಜ್ಜಿಯದು. ಅವರು ಹೊಸ ಫಾದರ್‌ನ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಹಳೇ ಫಾದರ್ ಕಡೆ ತಿರುಗಿ, ‘ಇವ್ರಿಗೆ ರೊಟ್ಟಿ ಜೊತಿ ನಮ್ಮ ಖಾರ ನಡೀತದೇನ್ರಿ?’ ಅಂತ ಕೇಳಿದರು. ಹೊಸ ಫಾದರ್ ನಡೀತದೆ ಅಂದರು. ಮೂರನೇ ತುತ್ತಿಗೆ ಅವರ ಕಣ್ಣಲ್ಲಿ ನೀರು ಬಂತು. ಅಜ್ಜಿ ಮಜ್ಜಿಗೆ ತರಲು ಒಳಗೆ ಹೋದರು.