ದಾವಣಗೆರೆ–ದುರ್ಗ ದಿನಾ ಓಡಾಡುವವರ ಬಸ್ಸಿನ ಲೆಕ್ಕ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ಆರ್ಡಿನರಿ ಬಿಟ್ಟರೆ, ಬಸ್ಸು ಹೆದ್ದಾರಿಗೆ ಬಿದ್ದ ಮೇಲೆ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಹೊತ್ತು ಹಿಡಿಯುತ್ತದೆ. ಟೈಮು ಹೋಗುವುದು ಎರಡು ತುದಿಗಳಲ್ಲಿ. ಹಾಗಾಗಿ ಮೊದಲು ಬರುವ ಬಸ್ಸಿಗಿಂತ ಊರೊಳಗೆ ಹೋಗುವ ಬಸ್ಸು ಮೇಲು ಎನ್ನುವುದು ನನ್ನ ಅನುಭವ.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳೆಲ್ಲ ದುರ್ಗದ ಸ್ಟ್ಯಾಂಡಿಗೆ ಹೋಗುವುದಿಲ್ಲ. ಬೋರ್ಡಿನಲ್ಲಿ ಊರಿನ ಹೆಸರಿದ್ದರೂ ನೆಚ್ಚಬೇಡಿ. ಫುಟ್‌ಬೋರ್ಡ್ ಮೇಲೆ ಕಾಲಿಡುವ ಮೊದಲೇ "ದುರ್ಗ ಒಳಗೆ ಹೋಗುತ್ತೇನ್ರಿ, ಬೈಪಾಸಾ?" ಎಂದು ಕಂಡಕ್ಟರನ್ನೇ ಕೇಳಿ. ಬೈಪಾಸಿನಲ್ಲಿ ಇಳಿದರೆ ಆಟೋಗೆ ಕಾದು, ರೇಟು ಮಾತಾಡಿ ಊರು ಸೇರುವಷ್ಟರಲ್ಲಿ ಬಸ್ಸಿನಲ್ಲಿ ಉಳಿದ ಹತ್ತು ನಿಮಿಷ ಅಲ್ಲಿಗಲ್ಲಿಗೇ ಸರಿಹೋಗುತ್ತದೆ, ದುಡ್ಡು ಬೇರೆ. ಆಫೀಸು ಹೆದ್ದಾರಿ ಬದಿಗೇ ಇದ್ದವರಿಗೆ ಮಾತ್ರ ಅದು ಅನುಕೂಲ.

ಆರ್ಡಿನರಿ ಬಸ್ಸು ಆನಗೋಡು, ಭರಮಸಾಗರದಂಥ ಕಡೆ ಸರ್ವಿಸ್ ರಸ್ತೆಗೆ ಇಳಿದು ಮತ್ತೆ ಮೇಲೆ ಹತ್ತಬೇಕು. ನಿಲ್ಲುವುದು ಒಂದು ನಿಮಿಷವಾದರೂ ಇಳಿದು ಹತ್ತುವುದಕ್ಕೆ ಅದರ ಎರಡರಷ್ಟು ಹಿಡಿಯುತ್ತದೆ. ಪಂಚಿಂಗ್ ಟೈಮು ಇರುವವರು ಎಕ್ಸ್‌ಪ್ರೆಸ್ಸಿಗೇ ಕಾಯುವುದು ಒಳ್ಳೆಯದು.

ಖಾಸಗಿ ಬಸ್ಸಿನ ಲೆಕ್ಕವೇ ಬೇರೆ. ಈ ಭಾಗದಲ್ಲಿ ಅವುಗಳ ಓಡಾಟ ಮೊದಲಿಂದಲೂ ಜೋರು. ಒಂದೊಂದಕ್ಕೂ ಪರ್ಮಿಟ್ಟಿನಲ್ಲಿ ಟೈಮಿಂಗ್ ಇರುತ್ತದೆ. ಹಿಂದಿನ ಬಸ್ಸು ದೂರವಿದ್ದರೆ ಊರು ದಾಟುವ ತನಕ ತೆವಳುತ್ತಾ ಜನ ತುಂಬಿಸಿಕೊಳ್ಳುತ್ತಾರೆ, ಹತ್ತಿರ ಬಂತೆಂದರೆ ಹಾರಿಸುತ್ತಾರೆ. ಆದ್ದರಿಂದ ಏಜೆಂಟರನ್ನು "ಯಾವಾಗ ಬಿಡ್ತೀರಿ?" ಎಂದು ಕೇಳಿ ಉಪಯೋಗವಿಲ್ಲ, "ಇದರ ಹಿಂದಿನ ಗಾಡಿ ಎಷ್ಟೊತ್ತಿಗೆ?" ಎಂದು ಕೇಳಿ. ಕಾಲು ಗಂಟೆಯೊಳಗೆ ಇದ್ದರೆ ಕೂರಬಹುದು. ಆ ಓಟ ನನಗೆ ಹಿಡಿಸುವುದಿಲ್ಲ, ಆದರೆ ಬೆಳಗಿನ ಹೊತ್ತು ಬೇರೆ ದಾರಿ ಇರುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನ ರಷ್ ಬದಲಾಗಿದೆ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿದೆ; ರಾಜಹಂಸ, ಐರಾವತದಲ್ಲಿ ಇಲ್ಲ, ಖಾಸಗಿಯಲ್ಲಂತೂ ಇಲ್ಲವೇ ಇಲ್ಲ. ವಾಯವ್ಯ ಸಾರಿಗೆಯ ಬಸ್ಸಿಗೂ ಅನ್ವಯಿಸುತ್ತದೆ. ಹುಬ್ಬಳ್ಳಿ ಕಡೆಯ ಬಸ್ಸು ಬಂದಾಗ ಸುಮ್ಮನೆ ಬಿಡಬೇಡಿ. ಆಧಾರ್ ಕೈಯಲ್ಲೇ ಹಿಡಿದಿರಿ, ಮತ್ತು ಇಳಿಯುವ ಊರಿಗೇ ಜೀರೋ ಟಿಕೆಟ್ ತಗೊಳ್ಳಿ. ಚೆಕಿಂಗ್ ಬಂದಾಗ ಅದನ್ನು ತೋರಿಸಲೇಬೇಕು. ಸೋಮವಾರ ಬೆಳಿಗ್ಗೆ, ಸಾಲು ರಜೆಯ ಮರುದಿನ ನಿಲ್ಲುವುದಕ್ಕೂ ಜಾಗ ಸಿಗುವುದು ಕಷ್ಟ. ಅಮಾವಾಸ್ಯೆಗೆ ಉಕ್ಕಡಗಾತ್ರಿ ದೇವಸ್ಥಾನಕ್ಕೆ ಹೋಗುವ ಜನ ದಾವಣಗೆರೆ, ಹರಿಹರದ ಸ್ಟ್ಯಾಂಡುಗಳನ್ನು ತುಂಬಿಬಿಡುತ್ತಾರೆ. ಕ್ಯಾಲೆಂಡರ್ ನೋಡಿ ಆ ದಿನ ಅರ್ಧ ಗಂಟೆ ಮುಂಚೆ ಹೊರಡಬೇಕು.

ಮಷೀನಿನಲ್ಲಿ ಯುಪಿಐ ಬಂದಿದೆ, ಆದರೆ ಹೆದ್ದಾರಿಯಲ್ಲಿ ಸಿಗ್ನಲ್ ಹೋದರೆ ಹಣ ಕಟ್ಟಾಗಿ ಟಿಕೆಟ್ ಬರದೆ ಒದ್ದಾಡಬೇಕಾಗುತ್ತದೆ. ಬಸ್ಸು ಸ್ಟ್ಯಾಂಡಿನಲ್ಲಿರುವಾಗಲೇ ಕಟ್ಟಿ, ಇಲ್ಲವೇ ಚಿಲ್ಲರೆ ಇಟ್ಟುಕೊಳ್ಳಿ.

ರೈಲು ಯಾಕಿಲ್ಲ ಎಂದು ಹೊಸಬರು ಕೇಳುತ್ತಾರೆ. ದಾವಣಗೆರೆ ಇರುವುದು ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ, ದುರ್ಗ ಇರುವುದು ಚಿಕ್ಕಜಾಜೂರಿನಿಂದ ಬಳ್ಳಾರಿ ಕಡೆ ಕವಲೊಡೆಯುವ ಮಾರ್ಗದಲ್ಲಿ. ಚಿಕ್ಕಜಾಜೂರಿನಲ್ಲಿ ಗಾಡಿ ಬದಲಿಸಿ ದಿನಾ ಆಫೀಸು ಮುಟ್ಟುವುದು ಆಗದ ಮಾತು. ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ಮಾರ್ಗ ಮುಗಿದರೆ ಆಗ ನೋಡೋಣ. ಹರಿಹರ, ರಾಣೆಬೆನ್ನೂರಿಗೆ ಹೋಗುವವರು ಮಾತ್ರ ರೈಲಿನ ಸೀಸನ್ ಟಿಕೆಟ್ ಮಾಡಿಸಲೇಬೇಕು, ಬಸ್ಸಿನ ಮುಂದೆ ಬಲು ಅಗ್ಗ. ಅದು ಕಾಯ್ದಿರಿಸದ ಬೋಗಿಗೆ ಮಾತ್ರ. ಜನಶತಾಬ್ದಿ, ವಂದೇ ಭಾರತ್ ಹತ್ತಿದರೆ ದಂಡ ಬೀಳುತ್ತದೆ.

ಇನ್ನು ಸೀಟು. ಬೆಳಿಗ್ಗೆ ಬಸ್ಸು ಆಗ್ನೇಯಕ್ಕೆ ಮುಖ ಮಾಡಿರುತ್ತದೆ, ಬಿಸಿಲು ಎಡಗಡೆ. ಸಂಜೆ ವಾಯವ್ಯಕ್ಕೆ ತಿರುಗಿದಾಗಲೂ ಪಡುವಣ ಬಿಸಿಲು ಎಡಗಡೆಯೇ. ಹೋಗುವಾಗಲೂ ಬರುವಾಗಲೂ ಡ್ರೈವರ್ ಬದಿಯ ಸಾಲು ಹಿಡಿಯಿರಿ, ಹಿಂದಿನ ಚಕ್ರಕ್ಕಿಂತ ಮುಂದೆ. ಅದರ ಹಿಂದೆ ಕೂತರೆ ಹಂಪ್ ಬಂದಾಗಲೆಲ್ಲ ಸೊಂಟಕ್ಕೆ ಏಟು.