ಬೆಲ್ಲ, ಅಳಲೆಕಾಯಿ ಮತ್ತು ಒಂದು ಸರ್ಕಾರಿ ಬಂಗಲೆ

ಕೋಲಾರ ಜಿಲ್ಲೆಯ ನಮ್ಮ ಹಳೇ ಪ್ರವಾಸಿ ಮಂದಿರದ ಮದ್ರಾಸ್ ಟೆರೇಸ್, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಹಳೇ ಕಾಲದ ತಾರಸಿ, ಈ ಹಿಂಗಾರಿನಲ್ಲೂ ಸೋರಲಿಲ್ಲ. ಇದು ಮೂರನೇ ವರ್ಷ. "ಕೆಡವಿ ಆರ್‌ಸಿಸಿ ಹಾಕ್ರೀ" ಅಂದವರೆಲ್ಲ ಈಗ ಬಂದು ನೋಡಬಹುದು.

ಮೊದಲೆಲ್ಲ ಒಂದೇ ಮದ್ದು: ಸಿಮೆಂಟ್ ಬಳಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡಿ. ಬೇಸಿಗೆ ಬಂದರೆ ಬಿರುಕು. ಒಳಹೋದ ನೀರಿಗೆ ಹೊರಬರಲು ದಾರಿಯಿಲ್ಲ, ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತಿತ್ತು. ಹತ್ತು ವರ್ಷದಲ್ಲಿ ಹೀಗೆ ಸುಮಾರು 8 ಲಕ್ಷ ಹೋಗಿತ್ತು. ಬೆಲ್ಲ, ಅಳಲೆಕಾಯಿ ಬೆರೆಸಿದ ಸುಣ್ಣದ ಗಾರೆಯ ನನ್ನ ಕೆಲಸ ಎರಡು ತೊಲೆ ಬದಲಿಸಿದ್ದೂ ಸೇರಿ 6 ಲಕ್ಷದ ಆಸುಪಾಸಿನಲ್ಲಿ ಮುಗಿಯಿತು.

ದುಡ್ಡು ಹೊಂದಿಸಿದ್ದೇ ದೊಡ್ಡ ಕಥೆ. ಕಟ್ಟಡ ಹಳೆಯದಾದರೂ ರಾಜ್ಯದ 1961ರ ಕಾಯ್ದೆಯಡಿ ಸಂರಕ್ಷಿತ ಸ್ಮಾರಕವಲ್ಲ. ಹಾಗಾಗಿ ಪುರಾತತ್ವದ ಹಣ ಇಲ್ಲ. ವಾರ್ಷಿಕ ನಿರ್ವಹಣೆ ಹಣ ನಲ್ಲಿ, ಬಲ್ಬು, ಸುಣ್ಣಬಣ್ಣಕ್ಕೇ ಸಾಲದು. ಒಂದು ಪುಣ್ಯ, ಕೋಲಾರಮ್ಮ, ಸೋಮೇಶ್ವರ ಗುಡಿಗಳಿಂದ ನಾವು ದೂರ. ಅಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗಿದ್ದಿದ್ದರೆ ರಿಪೇರಿಗೂ ಅನುಮತಿ ಬೇಕಿತ್ತು. ವಿಶೇಷ ದುರಸ್ತಿ ಅಂತ ಎಸ್ಟಿಮೇಟ್ ಹಾಕಿದೆ. "ಬೆಲ್ಲ, ಅಳಲೆಕಾಯಿ ಎಸ್‌ಆರ್‌ನಲ್ಲಿ ಎಲ್ಲಿದೆ?" ಅಂತ ಫೈಲು ವಾಪಸ್ (ಎಸ್‌ಆರ್ ಅಂದರೆ ಇಲಾಖೆಯ ದರಪಟ್ಟಿ). ಕೊಟೇಶನ್ ತಂದು, ದರ ವಿಶ್ಲೇಷಣೆ ಮಾಡಿ ಮತ್ತೆ ಕಳಿಸಿದೆ. ಬೆಲ್ಲದ ಎಪಿಎಂಸಿ ದರ ಲಗತ್ತಿಸಿದ ಎಸ್ಟಿಮೇಟ್ ನಮ್ಮ ಸಬ್‌ಡಿವಿಷನ್‌ನಲ್ಲಿ ಇದೊಂದೇ ಇರಬೇಕು! ಆಮೇಲೆ ಅದು ಹೇಗೆ ಪಾಸಾಯಿತು ಅನ್ನೋದು ಇಲ್ಲಿ ಬೇಡ.

ಗುತ್ತಿಗೆದಾರನಿಗೆ ಬಿಲ್ಲಿನ ಅವಸರ. ಬಿರುಬೇಸಿಗೆಯಲ್ಲೇ ಅಡುಗೆಮನೆ ಮೇಲೆ ಗಾರೆಯ ಒಂದು ಪಟ್ಟಿ ಹಾಕಿಸಿದ. ವಾರದೊಳಗೆ ಅದು ಜೇಡರ ಬಲೆಯ ಹಾಗೆ ಬಿರಿಯಿತು. "ಹೇಳಿರಲಿಲ್ವಾ?" ಅಂತ ಆಫೀಸಿನಲ್ಲೆಲ್ಲ ನಗು. ಅಷ್ಟನ್ನೂ ಕೆತ್ತಿಸಿದೆ. ಆಷಾಢದ ಗಾಳಿ ಇಳಿದ ಮೇಲೆ, ತಮಿಳುನಾಡಿನ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರನ್ನು ಕರೆಸಿದೆ. ಹೆಂಗಸರು ಸಾಲಾಗಿ ಕೂತು ಹೊಸ ಗಾರೆಯನ್ನು ಮರದ ಬಡಿಗೆಯಿಂದ ದಿನಗಟ್ಟಲೆ ಬಡಿದರು. ಮೇಲೆ ಟಾರ್ಪಾಲು, ಒದ್ದೆ ಗೋಣಿಚೀಲ. ಗಾರೆ ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು. ಬೆಲ್ಲದ ನೀರು ಎಷ್ಟು, ಎಷ್ಟು ದಿನ ಹುಳಿಸಬೇಕು ಅನ್ನೋದು ಮೇಸ್ತ್ರಿಯ ಗುಟ್ಟು, ಬರೆಯಲ್ಲ ಅಂತ ಮಾತು ಕೊಟ್ಟಿದ್ದೇನೆ.

ಸುಮ್ನೆ ಕುತೂಹಲಕ್ಕೆ ಕಾಂಪೌಂಡ್ ಗೋಡೆಗೆ ಪಾಪಾಸುಕಳ್ಳಿ ರಸ ಬೆರೆಸಿದ ಗಾರೆ ಹಾಕಿಸಿದೆ. ಮೆತ್ತೋಕೆ ಬೆಣ್ಣೆ. ವಾಸನೆ ಮಾತ್ರ ಬೇಡಪ್ಪ, ವಾಚ್‌ಮನ್ ಎರಡು ದಿನ ಆ ಕಡೆ ಸುಳಿಯಲಿಲ್ಲ. ಮಳೆಗೆ ಇನ್ನೂ ಉದುರಿಲ್ಲ.

ನೀವು ಮಾಡಿಸುವುದಾದರೆ ಬಡಿಯುವ ಕೂಲಿಯನ್ನು ಬೇರೆ ಐಟಂ ಆಗಿ ಹಾಕಿ, ಎಂಬಿಯಲ್ಲಿ (ಅಳತೆ ಪುಸ್ತಕ) ದಿನದ ಲೆಕ್ಕ ಬರೆಸಿ. ಚದರ ಮೀಟರ್ ಲೆಕ್ಕಕ್ಕೆ ಸೇರಿಸಿಬಿಟ್ಟರೆ ಎರಡೇ ದಿನಕ್ಕೆ ಬಡಿಗೆ ಎತ್ತಿಟ್ಟು ಬಿಲ್ ಕೇಳುತ್ತಾರೆ.